ಬೇಸಿಗೆ ಮಧ್ಯಾಹ್ನ ಸೋಲಾರ್ ಇನ್ವರ್ಟರ್ ಕಾದು ಉತ್ಪಾದನೆ ಇಳಿದರೆ

ಪ್ರಶ್ನೆ: ನಮ್ಮ ಮನೆ ರಾಯಚೂರಿನಲ್ಲಿದೆ. ಕಳೆದ ವರ್ಷ ಮಾಳಿಗೆ ಮೇಲೆ 540 ವ್ಯಾಟ್‌ನ 10 ಪ್ಯಾನೆಲ್ ಹಾಗೂ 5 ಕಿಲೋವ್ಯಾಟ್ ಆನ್‌ಗ್ರಿಡ್ (ಕರೆಂಟ್ ಲೈನಿಗೆ ಜೋಡಿಸಿದ) ಇನ್ವರ್ಟರ್ ಹಾಕಿಸಿದ್ದೇವೆ. ಇನ್ವರ್ಟರ್ ಪಶ್ಚಿಮದ ಗೋಡೆಗಿದೆ. ಮಳೆ ಮತ್ತು ಕಳ್ಳರ ಭಯಕ್ಕೆ ಅದರ ಸುತ್ತ ತಗಡಿನ ಪೆಟ್ಟಿಗೆ ಮಾಡಿಸಿ ಬೀಗ ಹಾಕಿದ್ದೇವೆ. ಫೆಬ್ರವರಿಯಲ್ಲಿ ಚೆನ್ನಾಗಿಯೇ ಇತ್ತು. ಏಪ್ರಿಲ್ ಬಂದ ಮೇಲೆ ಮಧ್ಯಾಹ್ನ ಒಂದು ಗಂಟೆ ದಾಟಿದರೆ ಸಾಕು, 4 ಕಿಲೋವ್ಯಾಟ್ ಇದ್ದದ್ದು 2.5ಕ್ಕೆ ಇಳಿಯುತ್ತದೆ. ಕೆಲವು ದಿನ ‘ಓವರ್ ಟೆಂಪರೇಚರ್’ ಎಂದು ತೋರಿಸಿ ನಿಂತೇ ಹೋಗುತ್ತದೆ. ಫ್ಯಾನ್ ಹಾಕಿದರೆ ಸಾಕೇ? ಒದ್ದೆ ಗೋಣಿಚೀಲ ಹೊದಿಸಬಹುದೇ? ಇನ್ವರ್ಟರನ್ನೇ ಬದಲಿಸಬೇಕೇ?

ಉತ್ತರ: ಇನ್ವರ್ಟರ್ ಬದಲಿಸುವ ಅಗತ್ಯ ಸದ್ಯಕ್ಕೆ ಕಾಣುವುದಿಲ್ಲ. ಒದ್ದೆ ಗೋಣಿಚೀಲವಂತೂ ಬೇಡವೇ ಬೇಡ. ಫ್ಯಾನಿನ ವಿಚಾರ ಕೊನೆಗೆ ನೋಡೋಣ. ಮೊದಲು ಆ ತಗಡಿನ ಪೆಟ್ಟಿಗೆ ತೆಗೆಸಿ. ಆಮೇಲೆ ಇನ್ವರ್ಟರ್ ಮೇಲೆ ಬೀಳುವ ಇಳಿಹೊತ್ತಿನ ಬಿಸಿಲು ತಪ್ಪಿಸಿ. ನಿಮ್ಮ ತೊಂದರೆಯ ಬಹುಪಾಲು ಈ ಎರಡರಲ್ಲೇ ಇದೆ. ಹಾಗೆ ಹೇಳಲು ಕಾರಣವೇನು ಎಂಬುದಕ್ಕೆ ಸ್ವಲ್ಪ ಲೆಕ್ಕ ಹಾಕಬೇಕಾಗುತ್ತದೆ.

ಈಗಿನ ಆನ್‌ಗ್ರಿಡ್ ಇನ್ವರ್ಟರ್‌ಗಳ ದಕ್ಷತೆ ಶೇ. 97ರಿಂದ 98. ಅಂದರೆ 4 ಕಿಲೋವ್ಯಾಟ್ ಕೊಡುತ್ತಿರುವಾಗ ಸುಮಾರು 100 ವ್ಯಾಟ್ ಒಳಗೇ ಶಾಖವಾಗುತ್ತದೆ. ಈ ಶಾಖ ಹೊರಹೋಗಲೆಂದೇ ಹಿಂಬದಿಯಲ್ಲಿ ಅಲ್ಯೂಮಿನಿಯಂ ಪಟ್ಟಿಗಳ ಹೀಟ್ ಸಿಂಕ್ ಇರುವುದು. ಪಟ್ಟಿಗಳ ನಡುವೆ ಕೆಳಗಿನಿಂದ ಗಾಳಿ ಹೊಕ್ಕು, ಬಿಸಿಯಾಗಿ, ಮೇಲಕ್ಕೆ ಹೋಗಬೇಕು. ನಿಮ್ಮ ಪೆಟ್ಟಿಗೆಯಲ್ಲಿ ಆ ಗಾಳಿ ಮೇಲೇರಿ ತಗಡಿಗೆ ತಾಕಿ ಮತ್ತೆ ಅಲ್ಲೇ ಸುತ್ತುತ್ತದೆ. ಇದರ ಮೇಲೆ ಬಿಸಿಲು. ಎರಡೂವರೆ ಅಡಿ ಉದ್ದ, ಎರಡಡಿ ಅಗಲದ ತಗಡಿನ ಮುಖಕ್ಕೆ ಮಧ್ಯಾಹ್ನ ಮೂರೂವರೆಯ ಪಡುವಣ ಬಿಸಿಲು ನೇರವಾಗಿ ಬಿದ್ದರೆ ಅದು ಹೀರುವ ಶಾಖ 150 ವ್ಯಾಟ್‌ನ ಆಸುಪಾಸು. ಅಂದರೆ ಇನ್ವರ್ಟರ್ ತಾನೇ ಹುಟ್ಟಿಸುವ ಶಾಖಕ್ಕಿಂತ ಪೆಟ್ಟಿಗೆ ಹೊತ್ತು ತರುವ ಶಾಖವೇ ಹೆಚ್ಚು. ಹೊರಗೆ 42 ಡಿಗ್ರಿ ಇದ್ದರೆ ಒಳಗಿನ ಗಾಳಿ ಅದಕ್ಕಿಂತ 15ರಿಂದ 20 ಡಿಗ್ರಿ ಮೇಲಿರುತ್ತದೆ.

ಈಗ ನಿಮ್ಮ ಇನ್ವರ್ಟರಿನ ಕೈಪಿಡಿಯಲ್ಲಿ ‘ಆಪರೇಟಿಂಗ್ ಟೆಂಪರೇಚರ್’ ಎಂಬ ಸಾಲು ನೋಡಿ. ಹೆಚ್ಚಿನವುಗಳಲ್ಲಿ ‘ಮೈನಸ್ 25ರಿಂದ 60 ಡಿಗ್ರಿ, 45 ಡಿಗ್ರಿ ಮೀರಿದರೆ ಡಿರೇಟಿಂಗ್’ ಎಂದಿರುತ್ತದೆ. ಡಿರೇಟಿಂಗ್ ಎಂದರೆ ಒಳಗಿನ ಬಿಡಿಭಾಗ ಸುಟ್ಟುಹೋಗದಿರಲಿ ಎಂದು ಯಂತ್ರ ತಾನಾಗಿಯೇ ಉತ್ಪಾದನೆ ತಗ್ಗಿಸಿಕೊಳ್ಳುವುದು. ಈ 45 ಡಿಗ್ರಿ ಹವಾಮಾನ ವರದಿಯಲ್ಲಿ ಬರುವ ಊರಿನ ಉಷ್ಣಾಂಶ ಅಲ್ಲ. ಇನ್ವರ್ಟರನ್ನು ಮುಟ್ಟುವ ಗಾಳಿಯದ್ದು. ಊರಲ್ಲಿ 42, ಪೆಟ್ಟಿಗೆಯಲ್ಲಿ 58. ಉತ್ಪಾದನೆ 2.5ಕ್ಕಿಳಿದದ್ದಕ್ಕೂ, ಕೆಲವು ದಿನ ನಿಂತೇ ಹೋದದ್ದಕ್ಕೂ ಇಷ್ಟು ಸಾಕು. ನಿಮ್ಮ ಯಂತ್ರ ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.

ಮೊದಲು ಖಾತ್ರಿ ಮಾಡಿಕೊಳ್ಳಿ

ಉತ್ಪಾದನೆ ಇಳಿದದ್ದಕ್ಕೆಲ್ಲ ಇನ್ವರ್ಟರ್ ಕಾದದ್ದೇ ಕಾರಣವಲ್ಲ. ಪ್ಯಾನೆಲ್ ಕೂಡ ಕಾಯುತ್ತದೆ. 540 ವ್ಯಾಟ್ ಎಂಬ ಲೆಕ್ಕ ಸೌರಕೋಶ 25 ಡಿಗ್ರಿಯಲ್ಲಿದ್ದಾಗಿನದು. ಮೇ ತಿಂಗಳ ಮಧ್ಯಾಹ್ನ ಕೋಶಗಳು 65ರಿಂದ 70 ಡಿಗ್ರಿ ಮುಟ್ಟುತ್ತವೆ. ಮೋನೊ ಪರ್ಕ್ ಬಗೆಯ ಪ್ಯಾನೆಲ್‌ನಲ್ಲಿ ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಕಡಿಮೆಯಾಗುತ್ತದೆ, 40 ಡಿಗ್ರಿ ಏರಿಕೆಗೆ ಶೇ. 14 ಹೋಯಿತು. ಇದರ ಮೇಲೆ ದೂಳು, ತಂತಿಯ ನಷ್ಟ. ಹಾಗಾಗಿ 5.4 ಕಿಲೋವ್ಯಾಟ್ ಪ್ಯಾನೆಲ್ ಇದ್ದರೂ ಬಿರುಬೇಸಿಗೆಯಲ್ಲಿ 4.2 ಕಿಲೋವ್ಯಾಟ್ ಬಂದರೆ ಸಂತೋಷಪಡಬೇಕು. ನಿಮಗೆ ಏಪ್ರಿಲ್‌ನಲ್ಲಿ 4 ಬರುತ್ತಿರುವುದು ಸಹಜ. ಅದು ಒಂದು ಗಂಟೆಯ ನಂತರ ಒಮ್ಮೆಲೇ 2.5 ಆಗುವುದು ಸಹಜವಲ್ಲ.

ಮೊಬೈಲ್ ಆ್ಯಪ್‌ನಲ್ಲಿ ದಿನದ ಗ್ರಾಫ್ ತೆರೆಯಿರಿ. ಮೋಡವಿಲ್ಲದ ದಿನ ಗೆರೆ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯಬೇಕು. ಕಾವಿನಿಂದ ತಗ್ಗಿದ್ದರೆ ಮಧ್ಯಾಹ್ನದ ಹೊತ್ತು ಗೆರೆ ಕುಸಿದು, ನಾಲ್ಕೂವರೆಯ ನಂತರ ಮತ್ತೆ ಸಹಜ ದಾರಿಗೆ ಬಂದಿರುತ್ತದೆ. ಇನ್ನೂ ಒಂದು ಗುರುತಿದೆ, ಇದನ್ನು ಬಹಳ ಜನ ನೋಡುವುದೇ ಇಲ್ಲ: ಅದೇ ಹೊತ್ತಿನ ಡಿಸಿ ವೋಲ್ಟೇಜ್, ಅಂದರೆ ಪ್ಯಾನೆಲ್‌ಗಳಿಂದ ಇನ್ವರ್ಟರ್‌ಗೆ ಬರುವ ವೋಲ್ಟೇಜ್. ನಿಮ್ಮ ಹತ್ತು ಪ್ಯಾನೆಲ್‌ಗಳ ಒಂದೇ ಸಾಲು ಬೇಸಿಗೆ ಮಧ್ಯಾಹ್ನ ಸರಿಯಾಗಿ ಕೆಲಸ ಮಾಡುವಾಗ ಸುಮಾರು 360ರಿಂದ 375 ವೋಲ್ಟ್ ತೋರಿಸಬೇಕು. ಇನ್ವರ್ಟರ್ ಬೇಕೆಂದೇ ಕಡಿಮೆ ಎಳೆಯುವಾಗ ವೋಲ್ಟೇಜನ್ನು ಮೇಲಕ್ಕೆ ಸರಿಸುತ್ತದೆ, ಆಗ ಕರೆಂಟ್ ಇಳಿಯುತ್ತದೆ. ಆದ್ದರಿಂದ ಉತ್ಪಾದನೆ ಬಿದ್ದ ಹೊತ್ತಿಗೆ ಡಿಸಿ ವೋಲ್ಟೇಜ್ 400 ದಾಟಿದ್ದರೆ ಪ್ಯಾನೆಲ್‌ನಲ್ಲಿ ದೋಷವಿಲ್ಲ, ಇನ್ವರ್ಟರೇ ಬೇಡ ಎನ್ನುತ್ತಿದೆ ಎಂದರ್ಥ. ವೋಲ್ಟೇಜ್ ಹಾಗೆಯೇ ಇದ್ದು ಕರೆಂಟ್ ಮಾತ್ರ ಬಿದ್ದಿದ್ದರೆ ದೂಳು, ನೀರಿನ ಟ್ಯಾಂಕಿನ ನೆರಳು, ಸಡಿಲವಾದ ಕನೆಕ್ಟರ್ ಇವುಗಳನ್ನು ಹುಡುಕಿ.

ಇನ್ವರ್ಟರ್ ಬೇಡ ಎನ್ನಲು ಕಾವಲ್ಲದೆ ಇನ್ನೊಂದು ಕಾರಣವೂ ಇರಬಹುದು, ಲೈನಿನ ವೋಲ್ಟೇಜ್. ಬೀದಿಯಲ್ಲಿ ಹಲವು ಮನೆಗಳಿಗೆ ಸೋಲಾರ್ ಬಂದಿದ್ದರೆ, ಅಥವಾ ಟ್ರಾನ್ಸ್‌ಫಾರ್ಮರ್ ನಿಮಗೆ ತೀರಾ ಹತ್ತಿರವಿದ್ದರೆ, ಮಧ್ಯಾಹ್ನ ಎಸಿ (ಲೈನಿನ) ವೋಲ್ಟೇಜ್ ಹೆಚ್ಚಿರಬಹುದು. ಅದು ನಿಗದಿತ ಮಿತಿ ದಾಟಿದರೆ (ಎಷ್ಟೋ ಇನ್ವರ್ಟರ್‌ಗಳಲ್ಲಿ ಇದು 253 ವೋಲ್ಟ್ ಸುತ್ತಮುತ್ತ) ಯಂತ್ರ ಉತ್ಪಾದನೆ ತಗ್ಗಿಸುತ್ತದೆ ಇಲ್ಲವೇ ಕಳಚಿಕೊಳ್ಳುತ್ತದೆ. ಆಗಲೂ ಡಿಸಿ ವೋಲ್ಟೇಜ್ ಏರಿರುತ್ತದೆ. ಆದ್ದರಿಂದ ಎಸಿ ವೋಲ್ಟೇಜನ್ನೂ ನೋಡಿ. ಅದು 230–240ರಲ್ಲಿದ್ದು ಇನ್ವರ್ಟರಿನ ಒಳ ಉಷ್ಣಾಂಶ ಮಾತ್ರ ಏರಿದ್ದರೆ ಕಾವೇ ಕಾರಣ. ವೋಲ್ಟೇಜ್ ಏರಿದ್ದರೆ ಅದು ಜೆಸ್ಕಾಂ ಕಚೇರಿಗೆ ಅರ್ಜಿ ಕೊಡಬೇಕಾದ ವಿಷಯ, ಫ್ಯಾನಿನಿಂದ ಸರಿಹೋಗದು.

ಇದಕ್ಕೆಲ್ಲ ಆ್ಯಪ್ ನೋಡುವ ಅಭ್ಯಾಸ ಇಲ್ಲದಿದ್ದರೆ ಅರ್ಧ ಗಂಟೆಯ ಸರಳ ಪರೀಕ್ಷೆ ಮಾಡಿ. ಉತ್ಪಾದನೆ ಬಿದ್ದಿರುವ ಹೊತ್ತಿನಲ್ಲಿ ಪೆಟ್ಟಿಗೆಯ ಬಾಗಿಲು ತೆರೆಯಿರಿ. ಎರಡಡಿ ದೂರದಲ್ಲಿ ಒಂದು ಪ್ಲೈವುಡ್ ಹಲಗೆ ನಿಲ್ಲಿಸಿ ಇನ್ವರ್ಟರ್‌ಗೆ ನೆರಳು ಮಾಡಿ. ಟೇಬಲ್ ಫ್ಯಾನನ್ನು ಹೀಟ್ ಸಿಂಕ್ ಕಡೆಗೆ ತಿರುಗಿಸಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ 2.5 ಇದ್ದದ್ದು 3.5ರತ್ತ ಏರಿದರೆ ರೋಗ ಗೊತ್ತಾಯಿತು.

ಹೀಟ್ ಸಿಂಕ್ ಮುಟ್ಟಿ ನೋಡಿ ತೀರ್ಮಾನಿಸಬೇಡಿ. ಪೂರ್ಣ ಉತ್ಪಾದನೆಯಲ್ಲಿ ಅದು 60–70 ಡಿಗ್ರಿ ಇರುವುದು ಸಾಮಾನ್ಯ, ಕೈ ಸುಡುತ್ತದೆ. ಅಳೆಯಲು ಗನ್ನಿನ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್ ಕೊಂಡರೆ ಒಂದು ಎಚ್ಚರಿಕೆ: ಹೊಳೆಯುವ ಅಲ್ಯೂಮಿನಿಯಂ ಮೇಲೆ ಹಿಡಿದರೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಮೊದಲೇ ಲೋಹದ ಮೇಲೆ ಎರಡು ಇಂಚು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿಟ್ಟು, ಟೇಪಿನ ಮೇಲೆಯೇ ಹಿಡಿದು ಅಳೆಯಿರಿ.

ಪೆಟ್ಟಿಗೆ ತೆಗೆದರೆ ಮಳೆ, ಕಳ್ಳರು?

ಇನ್ವರ್ಟರ್ ಮೈಮೇಲಿನ ಪಟ್ಟಿಯಲ್ಲಿ ಐಪಿ65 ಅಥವಾ ಐಪಿ66 ಎಂದಿದ್ದರೆ ಮಳೆಗೆ ಹೆದರಬೇಕಿಲ್ಲ. ದೂಳು ಒಳಹೋಗದ, ನೀರು ಎರಚಿದರೂ ತಡೆಯುವ ಕವಚ ಅದಕ್ಕಿದೆ. ತಂತಿಗಳು ಒಳಹೋಗುವ ಕಡೆ ಗ್ಲ್ಯಾಂಡ್ (ತಂತಿಯ ಸುತ್ತ ನೀರು ನುಗ್ಗದಂತೆ ಬಿಗಿಯುವ ಬಿರಡೆ) ಬಿಗಿಯಾಗಿರಬೇಕು, ತಂತಿ ಕೆಳಕ್ಕೊಮ್ಮೆ ಬಾಗಿ ಮೇಲಕ್ಕೆ ಹೋಗಿರಬೇಕು, ಅಷ್ಟೇ. ಐಪಿ20, ಐಪಿ21 ಎಂದಿದ್ದರೆ ಮಾತ್ರ ಅದು ಮನೆಯೊಳಗಿಡುವ ಯಂತ್ರ. ಅದನ್ನು ಹೊರಗೆ ಹಾಕಿದ್ದೇ ತಪ್ಪು.

ಕಳ್ಳತನದ ಭಯಕ್ಕೆ ತಗಡಿನ ಬದಲು ಕಬ್ಬಿಣದ ಸರಳಿನ ಅಥವಾ ಅಗಲ ಕಣ್ಣಿನ ಜಾಲರಿಯ ಪಂಜರ ಮಾಡಿಸಿ. ಇನ್ವರ್ಟರ್‌ನಿಂದ ಎಲ್ಲ ಕಡೆಗೂ ಒಂದಡಿ ಬಿಡಿ. ಮೇಲೆ ಕೆಳಗೆ ಒಂದೂವರೆ ಅಡಿ ಇದ್ದರೆ ಒಳ್ಳೆಯದು. ಸೊಳ್ಳೆ ಪರದೆಯಂಥ ಸಣ್ಣ ಕಣ್ಣಿನ ಜಾಲರಿ ಬೇಡ. ದೂಳು ಹಿಡಿದರೆ ಅದೂ ತಗಡೇ ಆಗುತ್ತದೆ.

ಯಾವ ಕಾರಣಕ್ಕೋ ಮುಚ್ಚಿದ ಪೆಟ್ಟಿಗೆಯೇ ಬೇಕೆಂದಾದರೆ ಗಾಳಿಯ ಲೆಕ್ಕ ಮಾಡಲೇಬೇಕು. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕು ಎಂಬುದಕ್ಕೆ ಒಂದು ಸೂತ್ರವಿದೆ: ಶಾಖದ ವ್ಯಾಟ್ ಅನ್ನು 3ರಿಂದ ಗುಣಿಸಿ, ಒಳಗಿನ ಗಾಳಿ ಹೊರಗಿಗಿಂತ ಎಷ್ಟು ಡಿಗ್ರಿ ಹೆಚ್ಚಿರಬಹುದೋ ಅದರಿಂದ ಭಾಗಿಸಿ. ನೆರಳಲ್ಲಿರುವ ಪೆಟ್ಟಿಗೆಯಲ್ಲಿ 125 ವ್ಯಾಟ್ ಶಾಖ, 5 ಡಿಗ್ರಿ ಮಿತಿ ಎಂದರೆ 75 ಘನ ಮೀಟರ್. ಫ್ಯಾನ್ ಅಂಗಡಿಯ ಭಾಷೆಯಲ್ಲಿ ಸುಮಾರು 45 ಸಿಎಫ್ಎಂ (ನಿಮಿಷಕ್ಕೆ ಘನ ಅಡಿ). ಜಾಲರಿ, ಕಿಂಡಿಗಳ ಅಡ್ಡಿ ಲೆಕ್ಕಕ್ಕೆ ಹಿಡಿದು ಅದರ ಎರಡರಷ್ಟು ಕೊಡುವ ಫ್ಯಾನ್ ಆರಿಸಿ. ಕೆಳಗೆ ಗಾಳಿ ಬರುವ ಕಿಂಡಿ, ಮೇಲೆ ಹೊರಹಾಕುವ ಫ್ಯಾನ್. ಅದೇ ಪೆಟ್ಟಿಗೆಗೆ ಬಿಸಿಲೂ ಬೀಳುತ್ತಿದ್ದರೆ ಶಾಖ 275 ವ್ಯಾಟ್ ಆಗಿ, ಬೇಕಾದ ಗಾಳಿಯೂ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ನೆರಳಿಗೆ ಮೊದಲ ಸ್ಥಾನ ಕೊಡುವುದು ಇದಕ್ಕೇ.

ನೆರಳು: ಯಾವ ಗೋಡೆ, ಎಷ್ಟು ಚಾಚು

ಪಶ್ಚಿಮದ ಗೋಡೆ ಇರುವುದರಲ್ಲೇ ಕೆಟ್ಟ ಜಾಗ. ಗಾಳಿ ಅತಿ ಬಿಸಿಯಾಗುವುದು ಎರಡರಿಂದ ನಾಲ್ಕು ಗಂಟೆಗೆ, ಅದೇ ಹೊತ್ತಿಗೆ ಅದಕ್ಕೆ ನೇರ ಬಿಸಿಲು, ಜೊತೆಗೆ ಗೋಡೆಯೂ ಕಾದಿರುತ್ತದೆ. ಮೇಲೊಂದು ಸಜ್ಜಾ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ. ಮೇ ಮೊದಲ ವಾರ ರಾಯಚೂರಿನಲ್ಲಿ ಸಂಜೆ ನಾಲ್ಕಕ್ಕೆ ಸೂರ್ಯ ಕ್ಷಿತಿಜದಿಂದ 36 ಡಿಗ್ರಿ ಎತ್ತರದಲ್ಲಿರುತ್ತಾನೆ. ಎರಡಡಿ ಚಾಚಿದ ಸಜ್ಜಾದ ನೆರಳು ಪಶ್ಚಿಮದ ಗೋಡೆಯ ಮೇಲೆ ಒಂದೂವರೆ ಅಡಿ ಮಾತ್ರ ಇಳಿಯುತ್ತದೆ. ಅದರ ಕೆಳಗಿರುವುದೆಲ್ಲ ಬಿಸಿಲಲ್ಲೇ.

ಉತ್ತರದ ಗೋಡೆಗೆ ಬಿಸಿಲೇ ಬೀಳದು ಎಂದು ಹೇಳುವವರಿದ್ದಾರೆ. ನಮ್ಮ ನಾಡಿಗೆ ಆ ಮಾತು ವರ್ಷವಿಡೀ ಒಪ್ಪುವುದಿಲ್ಲ. ರಾಯಚೂರು 16 ಡಿಗ್ರಿ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರ ಸೂರ್ಯ ನಡುನೆತ್ತಿಗೆ ಬಂದು, ಆಮೇಲೆ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನವೂ ಉತ್ತರಕ್ಕೇ ಇರುತ್ತಾನೆ. ಆದರೂ ಉತ್ತರದ ಗೋಡೆಯನ್ನೇ ಆರಿಸಬೇಕು. ಅಲ್ಲಿ ಬಿಸಿಲು ಗೋಡೆಯನ್ನು ಸವರಿಕೊಂಡು ಹೋಗುವುದರಿಂದ ಎರಡಡಿ ಸಜ್ಜಾ ನಾಲ್ಕು ಗಂಟೆಯವರೆಗೂ ಇನ್ವರ್ಟರನ್ನು ಕಾಯುತ್ತದೆ. ಉತ್ತರ ಸಿಗದಿದ್ದರೆ ಪೂರ್ವ. ಅಲ್ಲಿ ಬೆಳಗಿನ ಬಿಸಿಲು ಬೀಳುತ್ತದೆ ನಿಜ, ಆದರೆ ಆಗ ಗಾಳಿ ತಂಪು, ಉತ್ಪಾದನೆಯೂ ಕಡಿಮೆ. ಸುಡುವ ಹೊತ್ತಿಗೆ ಪೂರ್ಣ ನೆರಳು.

ಜಾಗ ಬದಲಿಸಲು ಆಗದಿದ್ದರೆ ಈಗಿರುವಲ್ಲೇ ಚಪ್ಪರ ಮಾಡಿಸಿ. ಇನ್ವರ್ಟರಿನ ನೆತ್ತಿಯಿಂದ ಕನಿಷ್ಠ ಒಂದಡಿ ಮೇಲೆ, ಎಡಬಲಕ್ಕೆ ಒಂದೂವರೆ ಅಡಿ, ಮುಂದಕ್ಕೆ ಎರಡಡಿ ಚಾಚುವಂತೆ ಚೌಕ ಪೈಪಿನ ಚೌಕಟ್ಟು ಹಾಕಿ, ಅದಕ್ಕೆ ಜಿಐ ಶೀಟ್ ಹೊದಿಸಿ ಮೇಲ್ಮೈಗೆ ಬಿಳಿ ಬಣ್ಣ ಬಳಿಯಿರಿ. ಶೀಟು ಗೋಡೆಗೆ ಅಂಟಿಕೊಂಡಿರಬಾರದು. ಅಲ್ಲಿ ಮೂರು ನಾಲ್ಕು ಇಂಚು ಸಂದು ಬಿಡಿ, ಇಲ್ಲದಿದ್ದರೆ ಮೇಲೇರಿದ ಬಿಸಿಗಾಳಿ ಶೀಟಿನ ಕೆಳಗೆ ತಂಗುತ್ತದೆ. ಸಂದಿನಿಂದ ಇಳಿಯುವ ನಾಲ್ಕು ಹನಿ ಮಳೆನೀರಿನಿಂದ ಐಪಿ65 ಯಂತ್ರಕ್ಕೆ ಏನೂ ಆಗದು. ಪಶ್ಚಿಮವಾದ್ದರಿಂದ ಎದುರಿಗೂ ಮರೆ ಬೇಕು. ಇನ್ವರ್ಟರ್‌ನಿಂದ ಒಂದೂವರೆ ಎರಡಡಿ ಮುಂದೆ, ಮೇಲೂ ಕೆಳಗೂ ಬಯಲಾಗಿರುವಂತೆ, ಇನ್ನೊಂದು ಬಿಳಿ ಶೀಟು ಅಥವಾ ಒತ್ತಾದ ಶೇಡ್ ನೆಟ್ ಕಟ್ಟಿ. ಜೋಳದ ದಂಟು, ಹುಲ್ಲು, ತೆಂಗಿನ ಗರಿ ಹಾಕಬೇಡಿ. ವಿದ್ಯುತ್ ಯಂತ್ರದ ಪಕ್ಕ ಒಣ ಹುಲ್ಲೆಂದರೆ ಬೆಂಕಿಗೆ ಕರೆ ಕೊಟ್ಟಂತೆ.

ಪ್ಯಾನೆಲ್‌ಗಳ ಕೆಳಗೇ ನೆರಳಿದೆಯಲ್ಲ ಎನ್ನುವವರಿಗೆ: ಚೌಕಟ್ಟು ಏಳೆಂಟು ಅಡಿ ಎತ್ತರದ್ದಾಗಿದ್ದು ಗಾಳಿ ಆಡುತ್ತಿದ್ದರೆ ಅದು ಒಳ್ಳೆಯ ಜಾಗವೇ. ಚೌಕಟ್ಟು ಎರಡು ಮೂರಡಿ ಎತ್ತರದ್ದಾಗಿದ್ದರೆ ಬೇಡ, ಪ್ಯಾನೆಲ್‌ನ ಬೆನ್ನು 65 ಡಿಗ್ರಿ ಇರುವಾಗ ಅದರ ಕೆಳಗಿನ ಗಾಳಿ ತಂಪಾಗಿರಲಾರದು. ಮೆಟ್ಟಿಲ ಮೇಲಿನ ಕೋಣೆಯೂ ಹೀಗೆಯೇ. ಎದುರುಬದುರು ಕಿಟಕಿ ಇದ್ದರೆ ಸೈ, ಬಾಗಿಲು ಮುಚ್ಚಿ ಹಾಕಿದರೆ ಕಾದ ಸ್ಲ್ಯಾಬಿನ ಕೆಳಗೆ ಅದೂ ಒಲೆಯೇ.

ಕೆಳಮನೆಗೆ ಇಳಿಸಬಹುದೇ ಎಂದು ಯೋಚಿಸುತ್ತಿದ್ದರೆ, ಖಂಡಿತ ಇಳಿಸಬಹುದು. ಬೇಸಿಗೆಯಲ್ಲಿ ಅದೇ ಎಲ್ಲಕ್ಕಿಂತ ಉತ್ತಮ. ಆಗ ಉದ್ದ ಮಾಡಬೇಕಾದ್ದು ಡಿಸಿ ತಂತಿ, ಎಸಿ ತಂತಿಯಲ್ಲ. 20 ಮೀಟರ್ ಹೆಚ್ಚುವರಿ ದೂರಕ್ಕೆ 4 ಚದರ ಮಿ.ಮೀ. ಸೋಲಾರ್ ಕೇಬಲ್‌ನಲ್ಲಿ 12 ಆಂಪಿಯರ್ ಹರಿದರೆ ಹೋಗಿ ಬರುವ ತಂತಿಗಳಲ್ಲಿ ಒಟ್ಟು 30 ವ್ಯಾಟ್‌ನಷ್ಟು ನಷ್ಟ. ಅಷ್ಟೇ ದೂರಕ್ಕೆ 6 ಚದರ ಮಿ.ಮೀ. ಎಸಿ ತಂತಿಯಲ್ಲಿ 22 ಆಂಪಿಯರ್ ಹರಿದರೆ 60 ವ್ಯಾಟ್ ನಷ್ಟ, ಜೊತೆಗೆ ಇನ್ವರ್ಟರಿನ ತುದಿಯಲ್ಲಿ ಎರಡೂವರೆ ವೋಲ್ಟ್‌ಗೂ ಹೆಚ್ಚು ಏರಿಕೆ. ಈ ಕೆಲಸ ನಿಮ್ಮ ಸೋಲಾರ್ ಅಳವಡಿಸಿದವರಿಂದಲೇ, ಬರಹದಲ್ಲಿ ತಿಳಿಸಿ ಮಾಡಿಸಿ. ಬೇರೆಯವರು ಕಳಚಿದರೆ ವಾರಂಟಿಗೆ ತಕರಾರು ಬರಬಹುದು. ಮೀಟರಿನ ಸೀಲ್ ಯಾರೂ ಮುಟ್ಟುವಂತಿಲ್ಲ.

ಸುತ್ತಲಿನ ಜಾಗ, ದೂಳು, ಸಡಿಲ ತಿರುಪು

ಗೋಡೆಯ ಮೇಲೆ ಎಷ್ಟು ಜಾಗ ಬಿಡಬೇಕೆಂದು ಪ್ರತಿ ಕೈಪಿಡಿಯಲ್ಲೂ ಚಿತ್ರವಿರುತ್ತದೆ. ಸಾಮಾನ್ಯವಾಗಿ ಮೇಲೆ ಕೆಳಗೆ 30ರಿಂದ 50 ಸೆಂ.ಮೀ., ಪಕ್ಕಕ್ಕೆ 20ರಿಂದ 30. ಎರಡು ಇನ್ವರ್ಟರ್ ಇರುವವರು ಒಂದರ ನೆತ್ತಿಯ ಮೇಲೊಂದು ಹಾಕಬಾರದು. ಕೆಳಗಿನದರ ಬಿಸಿಯುಸಿರನ್ನು ಮೇಲಿನದು ಕುಡಿಯುತ್ತದೆ. ಪಕ್ಕಪಕ್ಕ ಹಾಕಿ, ಜಾಗವಿಲ್ಲದಿದ್ದರೆ ಓರೆಯಾಗಿ ಏರುಪೇರು ಮಾಡಿ. ಮಲಗಿಸಿ ಇಡುವುದು, ಅಡ್ಡಡ್ಡ ಹಾಕುವುದು ಕೂಡದು, ಏಕೆಂದರೆ ಹೀಟ್ ಸಿಂಕಿನ ಸಂದುಗಳು ನೆಟ್ಟಗೆ ನಿಂತಿದ್ದರಷ್ಟೇ ಗಾಳಿ ತಾನಾಗಿ ಏರುತ್ತದೆ.

ದೂಳಿನ ವಿಷಯದಲ್ಲಿ ರಾಯಚೂರಿನವರು ಇತರರಿಗಿಂತ ಹೆಚ್ಚು ಎಚ್ಚರ ವಹಿಸಬೇಕು. ಜಿನ್ನಿಂಗ್ ಫ್ಯಾಕ್ಟರಿಯ ಹತ್ತಿ ಎಳೆ, ಅಕ್ಕಿ ಗಿರಣಿಯ ಹೊಟ್ಟು, ಶಕ್ತಿನಗರದ ಕಡೆ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ, ಇವೆಲ್ಲ ಹೀಟ್ ಸಿಂಕಿನ ಸಂದಿನಲ್ಲಿ ಕೂತು ಕಂಬಳಿಯಂತಾಗುತ್ತವೆ. ಹತ್ತಿ ಎಳೆ ಅತಿ ಕೆಟ್ಟದ್ದು, ಅದು ಬಲೆ ಕಟ್ಟಿ ಉಳಿದ ದೂಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇನ್ನೊಂದು, ಕಣಜ. ಹೀಟ್ ಸಿಂಕಿನ ಬೆಚ್ಚನೆಯ ಸಂದು ಮಣ್ಣಿನ ಗೂಡು ಕಟ್ಟಲು ಅದಕ್ಕೆ ಬಲು ಇಷ್ಟದ ಜಾಗ. ಮುಂದಿನಿಂದ ನೋಡಿದರೆ ಕಾಣುವುದಿಲ್ಲ. ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಮೇಲಿನ ತುದಿಯಲ್ಲಿ ಬೆಳಕು ಕಾಣದ ಸಂದು ಮುಚ್ಚಿದೆ ಎಂದರ್ಥ. ಫೆಬ್ರವರಿ ಕೊನೆಗೊಮ್ಮೆ, ಏಪ್ರಿಲ್ ನಡುವೆ ಇನ್ನೊಮ್ಮೆ ಸ್ವಚ್ಛ ಮಾಡಿ. ಗಿರಣಿಯ ಹತ್ತಿರವಿರುವವರು ತಿಂಗಳಿಗೊಮ್ಮೆ.

ಸ್ವಚ್ಛ ಮಾಡುವ ಕ್ರಮ ತಪ್ಪಿಸಬೇಡಿ. ಬೆಳಗಿನ ಜಾವ, ಬಿಸಿಲೇರುವ ಮುಂಚೆ ಮಾಡಿ.

1. ಮೊದಲು ಎಸಿ ಎಂಸಿಬಿ (ಲೈನಿನ ಕಡೆಯ, ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಆಫ್ ಮಾಡಿ.
2. ಆಮೇಲೆ ಇನ್ವರ್ಟರಿನ ಡಿಸಿ ಐಸೊಲೇಟರ್ (ಪ್ಯಾನೆಲ್ ಕಡೆಯ ಸಂಪರ್ಕ ಕಡಿಯುವ ಸ್ವಿಚ್) ಆಫ್ ಮಾಡಿ.
3. ಪರದೆ ಆರಿದ ಮೇಲೂ, ಮೈಮೇಲಿನ ಪಟ್ಟಿಯಲ್ಲಿ ಬರೆದಷ್ಟು ನಿಮಿಷ (ಸಾಮಾನ್ಯವಾಗಿ 5ರಿಂದ 10) ಕಾಯಿರಿ. ಒಳಗೆ ವಿದ್ಯುತ್ ಹಿಡಿದಿಟ್ಟ ಕೆಪಾಸಿಟರ್‌ಗಳು ಖಾಲಿಯಾಗಬೇಕು.
4. ಉದ್ದ ಕೂದಲಿನ ಒಣ ಬ್ರಷ್ ಅಥವಾ ಬ್ಲೋವರ್‌ನಿಂದ ಮೇಲಿನಿಂದ ಕೆಳಕ್ಕೆ ದೂಳು ತೆಗೆಯಿರಿ. ಪೈಪ್ ಹಿಡಿದು ನೀರು ಬಿಡಬೇಡಿ.
5. ಮತ್ತೆ ಶುರು ಮಾಡುವಾಗ ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲೇ ಆನ್ ಮಾಡಿ.

ಡಿಸಿ ಐಸೊಲೇಟರ್ ಆಫ್ ಆದರೂ ಪ್ಯಾನೆಲ್‌ನಿಂದ ಬರುವ ತಂತಿಯಲ್ಲಿ ಬೆಳಕಿರುವಷ್ಟು ಹೊತ್ತೂ 400 ವೋಲ್ಟಿಗೆ ಮೀರಿ ಇದ್ದೇ ಇರುತ್ತದೆ. ಪ್ಯಾನೆಲ್ ತಂತಿಗಳನ್ನು ಜೋಡಿಸುವ ಎಂಸಿ4 ಕನೆಕ್ಟರ್‌ಗಳನ್ನು ಎಂದಿಗೂ ಕರೆಂಟ್ ಹರಿಯುವಾಗ ಎಳೆಯಬೇಡಿ. ಡಿಸಿ ಕಿಡಿ ಎಸಿಯಂತೆ ತಾನಾಗಿ ಆರುವುದಿಲ್ಲ, ಉರಿಯುತ್ತಲೇ ಇರುತ್ತದೆ. ಇನ್ವರ್ಟರಿನ ಮುಚ್ಚಳ ತೆರೆಯುವುದು ಮನೆಯವರ ಕೆಲಸವಲ್ಲ.

ಇನ್ವರ್ಟರ್‌ಗೇ ಫ್ಯಾನ್ ಇದ್ದರೆ (5 ಕಿಲೋವ್ಯಾಟ್‌ನ ಎಷ್ಟೋ ಮಾದರಿಗಳಲ್ಲಿ ಇರುವುದಿಲ್ಲ) ಮಧ್ಯಾಹ್ನ ಅದು ತಿರುಗುತ್ತಿದೆಯೇ, ಕರಕರ ಸದ್ದು ಮಾಡುತ್ತಿದೆಯೇ ಕೇಳಿ. ಬದಲಿಸುವಾಗ ಅದೇ ವೋಲ್ಟೇಜ್, ಅದೇ ಅಳತೆ, ಗಾಳಿಯ ದಿಕ್ಕಿನ ಬಾಣವೂ ಅದೇ ಕಡೆಗಿರಬೇಕು. ಬಾಣ ತಿರುಗುಮುರುಗಾಗಿ ಹಾಕಿದ ಫ್ಯಾನು ಮೇಲೇರುವ ಬಿಸಿಗಾಳಿಗೆ ಎದುರಾಗಿ ನಿಲ್ಲುತ್ತದೆ.

ಇನ್ನು ತಿರುಪು. ಕಾವಿಗೆ ಇದು ಚಿಕ್ಕ ಕಾರಣದಂತೆ ಕಂಡರೂ ಬೆಂಕಿಗೆ ದೊಡ್ಡ ಕಾರಣ. 5 ಕಿಲೋವ್ಯಾಟ್ ಎಂದರೆ 230 ವೋಲ್ಟಿಗೆ 22 ಆಂಪಿಯರ್. ಎಸಿ ಟರ್ಮಿನಲ್‌ನಲ್ಲಿ ತಿರುಪು ಸಡಿಲವಾಗಿ 0.05 ಓಮ್‌ನಷ್ಟು ತಡೆ ಹುಟ್ಟಿದರೂ ಬೆರಳ ತುದಿಯಷ್ಟು ಜಾಗದಲ್ಲಿ 24 ವ್ಯಾಟ್ ಶಾಖವಾಗುತ್ತದೆ, ಅಂದರೆ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್‌ನಷ್ಟು. ಲೈನಿನ ವೋಲ್ಟೇಜ್ 200ಕ್ಕೆ ಇಳಿದರೆ ಅದೇ ಉತ್ಪಾದನೆಗೆ ಕರೆಂಟ್ 25 ಆಂಪಿಯರ್ ಆಗಿ ಕಾವು ಇನ್ನೂ ಏರುತ್ತದೆ. ತಂತಿಯ ಹೊದಿಕೆ ಕಂದಾಗಿದ್ದರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಅಂದೇ ಆಫ್ ಮಾಡಿ ಎಲೆಕ್ಟ್ರಿಷಿಯನ್ ಕರೆಸಿ. ಎಳೆತಂತಿಗೆ ಲಗ್ ಅಥವಾ ಫೆರೂಲ್ (ತಂತಿಯ ತುದಿಗೆ ಒತ್ತಿ ಕೂರಿಸುವ ಲೋಹದ ತುಣುಕು) ಇರಲೇಬೇಕು, ತಿರುಪಿನ ಬಿಗಿತ ಕೈಪಿಡಿಯಲ್ಲಿರುವಷ್ಟೇ. ಅಲ್ಯೂಮಿನಿಯಂ ಕೇಬಲನ್ನು ತಾಮ್ರದ ಟರ್ಮಿನಲ್‌ಗೆ ನೇರ ಕೊಡದೆ ಬೈಮೆಟಲ್ ಲಗ್ ಹಾಕಿಸಿ. ಎಂಸಿ4ರ ಗಂಡು ಹೆಣ್ಣು ಎರಡೂ ಒಂದೇ ಕಂಪನಿಯದ್ದಾಗಿರಲಿ. ನೋಡಲು ಒಂದೇ ರೀತಿ ಇದ್ದರೂ ಬೇರೆ ಬೇರೆ ತಯಾರಿಕೆಯವು ಸರಿಯಾಗಿ ಕಚ್ಚುವುದಿಲ್ಲ.

ಎಂಸಿಬಿ ಕೂಡ ಅದೇ ತಗಡಿನ ಪೆಟ್ಟಿಗೆಯೊಳಗಿದ್ದರೆ ಅದೂ ಕಾಯುತ್ತಿದೆ. ಮನೆಬಳಕೆಯ ಎಂಸಿಬಿಯ ಅಳತೆ 30 ಡಿಗ್ರಿಗೆ ಹೊಂದಿಸಿದ್ದು. 60 ಡಿಗ್ರಿಯಲ್ಲಿ ಅದು ಬರೆದದ್ದಕ್ಕಿಂತ ಕಡಿಮೆ ಕರೆಂಟಿಗೇ ಬೀಳುತ್ತದೆ. 25 ಆಂಪಿಯರ್‌ನದು ಮಧ್ಯಾಹ್ನ ಮಾತ್ರ ಬೀಳುತ್ತಿದ್ದರೆ ಇನ್ವರ್ಟರನ್ನು ದೂರುವ ಮುಂಚೆ ಎಂಸಿಬಿ ಪೆಟ್ಟಿಗೆಯನ್ನು ನೆರಳಿಗೆ ತನ್ನಿ. ದೊಡ್ಡ ಎಂಸಿಬಿ ಹಾಕುವುದಾದರೆ ತಂತಿಯ ದಪ್ಪ ಅದಕ್ಕೆ ತಕ್ಕುದೇ ಎಂದು ಲೆಕ್ಕ ಹಾಕಿಸಿಯೇ ಹಾಕಿ.

ಒದ್ದೆ ಗೋಣಿಚೀಲ ಯಾಕೆ ಬೇಡ, ಫ್ಯಾನ್ ಯಾವಾಗ ಬೇಕು

ಒದ್ದೆ ಚೀಲ ಒಂದು ಗಂಟೆ ತಂಪು ಮಾಡೀತು. ಆಮೇಲೆ ಒಣಗಿ ಗಾಳಿಗೆ ಅಡ್ಡವಾಗುತ್ತದೆ. ನೀರು ದಿನವೂ ಗ್ಲ್ಯಾಂಡು, ಕನೆಕ್ಟರುಗಳ ಸುತ್ತ ಇಳಿಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬಿಳಿ ಉಪ್ಪು ಕಟ್ಟಿ, ಶಾಖ ಹೊರಹೋಗುವ ದಾರಿಯೇ ಮುಚ್ಚುತ್ತದೆ. ಕಾದ ಯಂತ್ರಕ್ಕೆ ತಣ್ಣೀರು ಎರಚುವುದಂತೂ ಅಪಾಯ.

ಪೆಟ್ಟಿಗೆ ತೆಗೆದು, ನೆರಳು ಮಾಡಿ, ದೂಳು ತೆಗೆದ ಮೇಲೂ ಮಧ್ಯಾಹ್ನ ಉತ್ಪಾದನೆ ತಗ್ಗುತ್ತಿದ್ದರೆ ಆಗ ಫ್ಯಾನಿನ ಸರದಿ. 230 ವೋಲ್ಟಿನ, 120 ಮಿ.ಮೀ. ಪ್ಯಾನೆಲ್ ಫ್ಯಾನ್ (ವಿದ್ಯುತ್ ಪೆಟ್ಟಿಗೆಗಳಿಗೆ ಹಾಕುವ ಚಿಕ್ಕ ಫ್ಯಾನ್) ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, 20 ವ್ಯಾಟ್‌ನಷ್ಟು ತಿನ್ನುತ್ತದೆ. ಬಾಲ್ ಬೇರಿಂಗ್‌ನದ್ದೇ ಕೇಳಿ ತನ್ನಿ. ಬುಷ್‌ನದ್ದು ಈ ಸೆಖೆಯಲ್ಲಿ ಬೇಗ ಸವೆಯುತ್ತದೆ. ಇಂಥ ಎರಡು ಫ್ಯಾನುಗಳನ್ನು ಇನ್ವರ್ಟರಿನ ಕೆಳಗೆ, ನಾಲ್ಕಾರು ಇಂಚು ಬಿಟ್ಟು, ಗೋಡೆಗೆ ಬ್ರಾಕೆಟ್ ಹೊಡೆದು, ಹೀಟ್ ಸಿಂಕಿನ ಸಂದಿನೊಳಕ್ಕೆ ಮೇಲ್ಮುಖವಾಗಿ ಊದುವಂತೆ ಕೂರಿಸಿ. ಇನ್ವರ್ಟರಿನ ಮೈಗೆ ತೂತು ಕೊರೆಯಬೇಡಿ, ವಾರಂಟಿ ಅಲ್ಲಿಗೆ ಮುಗಿಯುತ್ತದೆ. ಹೀಟ್ ಸಿಂಕಿಗೆ ತಾಗಿಸಿ 45 ಡಿಗ್ರಿಗೆ ಆನ್ ಆಗುವ ಥರ್ಮೋಸ್ಟಾಟ್ ಸ್ವಿಚ್ ಇಟ್ಟರೆ ಫ್ಯಾನು ರಾತ್ರಿಯೆಲ್ಲ ತಿರುಗುವುದು ತಪ್ಪುತ್ತದೆ. ಫ್ಯಾನು, ಥರ್ಮೋಸ್ಟಾಟ್ ಎರಡೂ ಮಳೆಗೆ ನೆನೆಯದಂತಿರಬೇಕು. ಪ್ಯಾನೆಲ್ ಫ್ಯಾನಿಗೆ ಇನ್ವರ್ಟರಿನ ಹಾಗೆ ಐಪಿ65 ಕವಚ ಇರುವುದಿಲ್ಲ.

ಇಷ್ಟೆಲ್ಲ ಯಾಕೆ ಮಾಡಬೇಕೆಂದರೆ ಕಳೆದುಹೋಗುವ ಯೂನಿಟ್‌ಗಳಷ್ಟೇ ವಿಷಯವಲ್ಲ. ದಿನಕ್ಕೆ ಎರಡು ಗಂಟೆ 1.5 ಕಿಲೋವ್ಯಾಟ್ ತಗ್ಗಿದರೆ 3 ಯೂನಿಟ್, ಏಪ್ರಿಲ್–ಮೇ ಎರಡು ತಿಂಗಳಿಗೆ 180 ಯೂನಿಟ್. ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣುವುದಿಲ್ಲ. ಒಳಗೆ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿದ್ದರೆ ಅವು ಪ್ರತಿ 10 ಡಿಗ್ರಿ ಹೆಚ್ಚಿಗೆ ಕಾದಾಗ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್‌ನವರು ಹಿಡಿಯುವ ಲೆಕ್ಕ. ದಿನವೂ ಕಾದು ತಣಿಯುವ ಏರಿಳಿತದಿಂದ ಬೆಸುಗೆಗಳೂ ಬಿರುಕು ಬಿಡುತ್ತವೆ. ಪ್ಯಾನೆಲ್ 25 ವರ್ಷ ಬಾಳುವಂಥದ್ದು. ಅದರ ಜೊತೆ ಇನ್ವರ್ಟರ್ ಹತ್ತು ಹನ್ನೆರಡು ವರ್ಷವಾದರೂ ದುಡಿಯಬೇಕಾದರೆ ಅದನ್ನು ತಂಪಾಗಿಡಲೇಬೇಕು.

ಬ್ಯಾಟರಿ ಇರುವ ಇನ್ವರ್ಟರ್ ಇಟ್ಟುಕೊಂಡವರಿಗೆ ಒಂದು ಮಾತು. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಗಳಲ್ಲಿ ನಷ್ಟ ಹಲವು ಪಟ್ಟು ಹೆಚ್ಚು, ಆದ್ದರಿಂದ ಗಾಳಿಯೂ ಹೆಚ್ಚು ಬೇಕು. ಅದನ್ನು ಟ್ಯುಬ್ಯುಲರ್ ಬ್ಯಾಟರಿಯ ನೇರ ಮೇಲೆ ಇಡಬೇಡಿ. ಚಾರ್ಜ್ ಆಗುವಾಗ ಏಳುವ ಆಸಿಡ್ ಆವಿ ಒಳಗಿನ ಬೋರ್ಡನ್ನೂ ಫ್ಯಾನನ್ನೂ ತಿನ್ನುತ್ತದೆ, ಹೈಡ್ರೋಜನ್ ಅನಿಲಕ್ಕೆ ಕಿಡಿ ತಾಗುವ ಅಪಾಯವೂ ಇದೆ.

ಕೆಲಸ ಮುಗಿದ ಮೇಲೆ ಒಂದು ವಾರ, ಮೋಡವಿಲ್ಲದ ದಿನಗಳಲ್ಲಿ, ಮಧ್ಯಾಹ್ನ 12, 2 ಮತ್ತು 4 ಗಂಟೆಗೆ ನಾಲ್ಕು ಸಂಖ್ಯೆ ಬರೆದಿಡಿ: ಉತ್ಪಾದನೆ, ಡಿಸಿ ವೋಲ್ಟೇಜ್, ಎಸಿ ವೋಲ್ಟೇಜ್, ಇನ್ವರ್ಟರಿನ ಒಳ ಉಷ್ಣಾಂಶ. ಇನ್ವರ್ಟರಿನ ಪಕ್ಕ, ನೆರಳಲ್ಲಿ, ಮಾಮೂಲಿ ಥರ್ಮಾಮೀಟರ್ ಒಂದನ್ನು ತೂಗುಹಾಕಿ ಗಾಳಿಯ ಉಷ್ಣಾಂಶವನ್ನೂ ಬರೆಯಿರಿ. ಗಾಳಿ 45 ಡಿಗ್ರಿಗಿಂತ ಕೆಳಗಿದ್ದೂ, ಸಂದುಗಳು ಸ್ವಚ್ಛವಾಗಿದ್ದೂ, ಎಸಿ ವೋಲ್ಟೇಜ್ ಮಿತಿಯಲ್ಲಿದ್ದೂ ಯಂತ್ರ ಕಾವಿನ ಕಾರಣಕ್ಕೆ ಉತ್ಪಾದನೆ ತಗ್ಗಿಸುತ್ತಿದ್ದರೆ, ಆಗ ದೋಷ ಒಳಗಿನದು. ಉಷ್ಣಾಂಶ ಅಳೆಯುವ ಸೆನ್ಸರ್ ಕೆಟ್ಟಿರಬಹುದು, ಅಥವಾ ಹೀಟ್ ಸಿಂಕಿಗೂ ಪವರ್ ಮಾಡ್ಯೂಲಿಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಬೆಳಿಗ್ಗೆ ಆರಕ್ಕೆ, ಯಂತ್ರ ಇಡೀ ರಾತ್ರಿ ತಣಿದಿರುವಾಗ ಅದು ತೋರಿಸುವ ಒಳ ಉಷ್ಣಾಂಶ ಹೊರಗಿನ ಗಾಳಿಗಿಂತ ಹತ್ತಾರು ಡಿಗ್ರಿ ಹೆಚ್ಚಿದ್ದರೆ ಸೆನ್ಸರಿನ ಮೇಲೆಯೇ ಅನುಮಾನ. ಆ ಪಟ್ಟಿ, ಗ್ರಾಫಿನ ಚಿತ್ರ, ಈಗಿನ ಅಳವಡಿಕೆಯ ಎರಡು ಫೋಟೊ ಸೇರಿಸಿ ಕಂಪನಿಯ ಸರ್ವಿಸ್ ವಿಭಾಗಕ್ಕೆ ವಾರಂಟಿ ದೂರು ಕೊಡಿ. ತಗಡಿನ ಪೆಟ್ಟಿಗೆ ಇರುವಾಗಲೇ ದೂರು ಕೊಟ್ಟರೆ, ಅಳವಡಿಕೆ ಸರಿಯಿಲ್ಲ ಎಂದು ಅವರು ತಳ್ಳಿಹಾಕಲು ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.